ಹಣ ಬರಲು ಪಿನ್ ಬೇಡ



ವಾರ ವಾರ ಇಪ್ಪತ್ತು, ಐವತ್ತು ಅಂತ ಕೂಡಿಟ್ಟ ಹಣದ ಬೆಲೆ ನಿಮಗೆ ಗೊತ್ತು. ಹಿಂದೆ ಆ ಹಣಕ್ಕೆ ಪೆಟ್ಟಿಗೆಯ ಬೀಗವೇ ಕಾವಲು. ಈಗ ಫೋನಿನ ಯುಪಿಐ ಪಿನ್ ಕಾವಲು. ಈ ಪಾಠವನ್ನು ಸಭೆಯಲ್ಲಿ ಒಬ್ಬರು ಗಟ್ಟಿಯಾಗಿ ಓದಿ, ಉಳಿದವರು ಕೇಳಿಸಿಕೊಳ್ಳಿ.

ನಡೆದ ಸಂಗತಿ

ನಾವು ಭೇಟಿ ಕೊಡುವ ಸಂಘವೊಂದರ ಸದಸ್ಯೆಗೆ ಒಂದು ಫೋನ್ ಬಂತು. "ಅಮ್ಮಾ, ನಿಮ್ಮ ಗೃಹಲಕ್ಷ್ಮಿಯ ಎರಡು ಕಂತು ಬಾಕಿ ಇದೆ. ವಾಟ್ಸ್ಆ್ಯಪ್‌ಗೆ ಕ್ಯೂಆರ್ ಕೋಡ್ ಕಳಿಸಿದ್ದೇವೆ. ಸ್ಕ್ಯಾನ್ ಮಾಡಿ ಪಿನ್ ಒತ್ತಿ, ನಾಲ್ಕು ಸಾವಿರ ಬರುತ್ತೆ." ಆಕೆ ಒತ್ತಿದಳು. ನಾಲ್ಕು ಸಾವಿರ ಬರಲಿಲ್ಲ, ಹೋಯಿತು. "ತಪ್ಪಾಯ್ತಮ್ಮ, ಇನ್ನೊಂದ್ಸಲ ಒತ್ತಿ, ಎಲ್ಲಾ ಒಟ್ಟಿಗೆ ಬರುತ್ತೆ" ಅಂದರು. ಮತ್ತೆ ನಾಲ್ಕು ಸಾವಿರ ಹೋಯಿತು. ಸಂಘದ ಸಾಲದ ಕಂತಿಗೆ ಇಟ್ಟ ಹಣವೂ ಅದರಲ್ಲಿತ್ತು. ಮನೆಯಲ್ಲಿ ಬೈತಾರೆ, ಸಂಘದಲ್ಲಿ ನಗ್ತಾರೆ ಎಂದು ನಾಲ್ಕು ದಿನ ಯಾರಿಗೂ ಹೇಳಲಿಲ್ಲ.

ತಪ್ಪಿದ್ದು ಎಲ್ಲಿ?

ಪಿನ್ ಒತ್ತುವುದೆಂದರೆ ಚೆಕ್ಕಿಗೆ ಸಹಿ ಹಾಕಿದ ಹಾಗೆ. ನಮಗೆ ಬರುವ ಹಣಕ್ಕೆ ನಾವು ಸಹಿ ಹಾಕುತ್ತೇವೆಯೇ? ಇಲ್ಲ. 2023ರಲ್ಲಿ ಆರಂಭವಾದ ಗೃಹಲಕ್ಷ್ಮಿಯ ಹಣ ನೇರ ಬ್ಯಾಂಕ್ ಖಾತೆಗೆ ಜಮಾ ಆಗುತ್ತದೆ. ಅದಕ್ಕೆ ಸ್ಕ್ಯಾನೂ ಬೇಡ, ಪಿನ್ನೂ ಬೇಡ.

ನೆನಪಿಡಿ

1. ಹಣ ಬರುತ್ತದೆ ಎಂದು ಹೇಳಿ ಪಿನ್ ಒತ್ತಲು ಕೇಳಿದರೆ ಅದು ಮೋಸ ಎಂದೇ ಅರ್ಥ.
2. ಓಟಿಪಿಯನ್ನು ಯಾರಿಗೂ ಹೇಳಬಾರದು, ಬ್ಯಾಂಕಿನವರು ಅಂದರೂ ಸರಿ.
3. ಗುರುತಿಲ್ಲದವರು ಕಳಿಸಿದ ಲಿಂಕ್ ಒತ್ತಬೇಡಿ, ಆ್ಯಪ್ ಹಾಕಿಕೊಳ್ಳಬೇಡಿ.
4. "ಈಗಲೇ ಮಾಡಿ, ಯಾರಿಗೂ ಹೇಳಬೇಡಿ" ಅಂದರೆ ಫೋನ್ ಇಟ್ಟುಬಿಡಿ. ಅನುಮಾನ ಇದ್ದರೆ ಬ್ಯಾಂಕಿಗೋ ಅಂಗನವಾಡಿಗೋ ಹೋಗಿ ವಿಚಾರಿಸಿ.

ಮೋಸ ಹೋದರೆ

ತಡಮಾಡದೆ 1930ಕ್ಕೆ ಫೋನ್ ಮಾಡಿ. ಕಳ್ಳರು ಹಣ ತೆಗೆಯುವ ಮೊದಲೇ ಅದು ತಲುಪಿದ ಖಾತೆಯಲ್ಲಿ ತಡೆಹಿಡಿಯಲು ಇದರಿಂದ ಸಾಧ್ಯವಾಗುತ್ತದೆ. ನಿಮ್ಮ ಬ್ಯಾಂಕಿಗೂ ತಿಳಿಸಿ, ಹತ್ತಿರದ ಪೊಲೀಸ್ ಠಾಣೆಗೂ ಹೋಗಿ. ಬಂದ ಮೆಸೇಜನ್ನು ಅಳಿಸಬೇಡಿ; ಹಣ ಹೋದ ಸಮಯ, ಮೊತ್ತ, ವ್ಯವಹಾರದ ನಂಬರು ಅದರಲ್ಲೇ ಇರುತ್ತದೆ. ಹೋದ ಹಣ ಖಂಡಿತ ಸಿಗುತ್ತದೆ ಎಂದು ನಾವು ಹೇಳಲಾರೆವು. ಆದರೆ ಬೇಗ ತಿಳಿಸಿದಷ್ಟೂ ಉಳಿಯುವ ಸಾಧ್ಯತೆ ಹೆಚ್ಚು. ಆ ಸದಸ್ಯೆ ನಾಲ್ಕನೇ ದಿನ ಹೇಳಿದಾಗ ಖಾತೆಯಲ್ಲಿ ಏನೂ ಉಳಿದಿರಲಿಲ್ಲ.

ಆಕೆ ದಡ್ಡಿಯಲ್ಲ. ಓದಿದವರೂ ಹೀಗೆ ಮೋಸ ಹೋಗಿದ್ದಾರೆ. ಆಕೆಯ ಬಾಯಿ ಕಟ್ಟಿದ್ದು ನಾಚಿಕೆ. ಕಷ್ಟ ಹೇಳಿಕೊಳ್ಳಲು ಹೆದರಿಕೆಯಾದರೆ ಸಂಘ ಯಾತಕ್ಕೆ? ಮೋಸ ಹೋದವಳನ್ನು ನೋಡಿ ನಗದಿರುವುದೂ ನಮ್ಮ ಉಳಿತಾಯವನ್ನು ಕಾಯುವ ಕೆಲಸವೇ.

ಸಭೆಯಲ್ಲಿ ಚರ್ಚಿಸಿ

* ನಮ್ಮಲ್ಲಿ ಯಾರಿಗೆ ಇಂಥ ಫೋನ್ ಬಂದಿದೆ? ಏನು ಹೇಳಿದರು?
* ನಿಮ್ಮ ಪಿನ್ ಬೇರೆ ಯಾರಿಗಾದರೂ ಗೊತ್ತಿದೆಯೇ? ಗೊತ್ತಿದ್ದರೆ ಇಂದೇ ಬದಲಿಸಿ.
* 1930 ಎಂಬ ನಂಬರನ್ನು ಸಂಘದ ಪಾಸ್‌ಬುಕ್ಕಿನ ಮೇಲೆ ಎಲ್ಲರೂ ಬರೆದುಕೊಳ್ಳಿ.