ಮರದ ಸ್ನಾನದ ತೊಟ್ಟಿ: ಜಪಾನಿನ ಕಸುಬು ಕಲಿಸುವ ಪಾಠ

ಕರಕುಶಲ ವಸ್ತುವನ್ನು ಮಾರುವವನು ಅದರ ಅಂದವನ್ನು ಮಾತ್ರವಲ್ಲದೆ ಸ್ವಭಾವವನ್ನೂ ಅರಿತಿರತಕ್ಕದ್ದು. ಇದಕ್ಕೆ ಜಪಾನಿನ ಮರದ ಸ್ನಾನದ ತೊಟ್ಟಿಯು ಉತ್ತಮ ನಿದರ್ಶನವಾಗಿದೆ.

ಬಳಕೆ ಮತ್ತು ಮರ

ಜಪಾನೀಯರು ಮೊದಲು ತೊಟ್ಟಿಯ ಹೊರಗೆ ಮೈ ತೊಳೆದು, ಬಳಿಕ 40ರಿಂದ 42 ಡಿಗ್ರಿ ಸೆಲ್ಸಿಯಸ್ ಬಿಸಿಯಿರುವ ನೀರಿನಲ್ಲಿ ಕುತ್ತಿಗೆಯವರೆಗೆ ಮುಳುಗಿ ಕುಳಿತುಕೊಳ್ಳುತ್ತಾರೆ. ಮನೆಮಂದಿಯೆಲ್ಲ ಸರದಿಯಂತೆ ಅದೇ ನೀರನ್ನು ಬಳಸುವುದು ವಾಡಿಕೆ. ಆದುದರಿಂದ ತೊಟ್ಟಿಯು ಆಳವಾಗಿರಬೇಕು. ನೀರು ಬೇಗನೆ ಆರಬಾರದು. ಮರವು ಉಷ್ಣವನ್ನು ಸುಲಭವಾಗಿ ಹರಿಯಗೊಡದ ಕಾರಣ ಈ ಕಾರ್ಯಕ್ಕೆ ಒದಗಿತು. ಹಿನೋಕಿ, ಸವಾರ, ಕೋಯಾಮಾಕಿ ಎಂಬ ಮರಗಳು ಇದಕ್ಕೆ ಹೆಸರುವಾಸಿ. ನಾಗಾನೋ ಪ್ರಾಂತದ ಕಿಸೋ ಕಣಿವೆಯು ಇವುಗಳ ಪ್ರಸಿದ್ಧ ನೆಲೆ.

ರಚನೆಯ ಗುಟ್ಟು

ದುಂಡು ತೊಟ್ಟಿಯಲ್ಲಿ ಹಲಗೆಗಳನ್ನು ನಾರು ಮೇಲ್ಮುಖವಾಗಿರುವಂತೆ ನಿಲ್ಲಿಸಿ, ಅಂಚುಗಳನ್ನು ಓರೆಯಾಗಿ ಹೆರೆದು, ಬಿದಿರಿನ ಮೊಳೆಗಳಿಂದ ಜೋಡಿಸಿ, ಸುತ್ತಲೂ ತಾಮ್ರದ ಅಥವಾ ಬಿದಿರಿನ ಬಳೆಯನ್ನು ತೊಡಿಸುತ್ತಾರೆ. ಸಮ ಅಗಲದ 24 ಹಲಗೆಗಳಿದ್ದರೆ ಪ್ರತಿ ಅಂಚಿನ ಓರೆಯು 7.5 ಡಿಗ್ರಿ.

ನೀರು ಹೀರಿದ ಮರವು ಉದ್ದದಲ್ಲಿ ಬೆಳೆಯುವುದು ಅತ್ಯಲ್ಪ, ಅಗಲದಲ್ಲಿ ಉಬ್ಬುತ್ತದೆ. ಬಳೆಯು ಆ ಉಬ್ಬನ್ನು ತಡೆಯುವುದರಿಂದ ಹಲಗೆಗಳು ಒಂದನ್ನೊಂದು ಒತ್ತಿ ಸಂದುಗಳು ಮುಚ್ಚಿಕೊಳ್ಳುತ್ತವೆ. ಒಣಗಿದಾಗ ಇದರ ವಿಪರ್ಯಯವಾಗುತ್ತದೆ. ವಾರ್ಷಿಕ ಉಂಗುರಗಳ ಜಾಡಿನಲ್ಲಿ ಆಗುವ ಸಂಕೋಚನವು, ತಿರುಳಿನಿಂದ ತೊಗಟೆಯ ದಿಕ್ಕಿನಲ್ಲಿ ಆಗುವುದಕ್ಕಿಂತ ಬಹುತೇಕ ಮರಗಳಲ್ಲಿ ಸುಮಾರು ಎರಡು ಪಟ್ಟು. ಆದಕಾರಣ ದಿನವೂ ನೆನೆದು ಒಣಗುವ ತೊಟ್ಟಿಗೆ, ಅಗಲವು ತಿರುಳಿನಿಂದ ತೊಗಟೆಯತ್ತ ಸಾಗುವಂತೆ ಕೊಯ್ದ ಹಲಗೆಯನ್ನೂ, ಸದಾ ತುಂಬಿರುವ ಮದ್ಯದ ಪೀಪಾಯಿಗೆ ಉಂಗುರಗಳ ಜಾಡಿನಲ್ಲಿ ಕೊಯ್ದ ಹಲಗೆಯನ್ನೂ ಅಲ್ಲಿನ ಕಸುಬುದಾರರು ಆರಿಸುತ್ತ ಬಂದರು.

ಮಾರುಕಟ್ಟೆ ಕುಗ್ಗಿದ್ದೇಕೆ?

1964ರ ಟೋಕಿಯೋ ಒಲಿಂಪಿಕ್ಸ್ ಸಂದರ್ಭದಲ್ಲಿ ಹೋಟೆಲ್ ನ್ಯೂ ಒಟಾನಿಯ ಕೊಠಡಿಗಳಿಗೆ ಕಾರ್ಖಾನೆಯಲ್ಲೇ ಸಿದ್ಧಗೊಂಡ ಸ್ನಾನಗೃಹಗಳನ್ನು ಅಳವಡಿಸಲಾಯಿತು. ಕ್ರಮೇಣ ಮನೆಗಳಲ್ಲಿಯೂ ಪ್ಲಾಸ್ಟಿಕ್ ತೊಟ್ಟಿ ನೆಲೆಯೂರಿತು. ಅದು ಆರೈಕೆಯನ್ನು ಬೇಡುವುದಿಲ್ಲ. ಮರದ ತೊಟ್ಟಿಯಾದರೋ ಬಹುಕಾಲ ಬರಿದಾಗಿದ್ದರೆ ಸಂದು ಬಿಟ್ಟು ಸೋರುತ್ತದೆ. ಸದಾ ಒದ್ದೆಯಾಗಿದ್ದರೆ ಬೂಷ್ಟು ಹಿಡಿದು ಕಪ್ಪಾಗುತ್ತದೆ.

ನಮ್ಮ ಉದ್ಯಮಿಗಳು ಗಮನಿಸಬೇಕಾದ ಅಂಶಗಳು

1. ಮರವನ್ನು ಹದವಾಗಿ ಒಣಗಿಸುವ ಕಾಲದಲ್ಲಿ ಬಂಡವಾಳವು ನಿಂತಿರುತ್ತದೆ. ಅದರ ಬಡ್ಡಿಯನ್ನು ಬೆಲೆಯ ಲೆಕ್ಕದಲ್ಲಿ ಸೇರಿಸದವನು ನಷ್ಟಕ್ಕೀಡಾಗುತ್ತಾನೆ.

2. 300 ಲೀಟರ್ ನೀರು 300 ಕಿಲೋಗ್ರಾಂ ತೂಗುತ್ತದೆ. ತೊಟ್ಟಿಯ ಹಾಗೂ ವ್ಯಕ್ತಿಯ ಭಾರ ಪ್ರತ್ಯೇಕ. ಮಹಡಿಯ ಮನೆಯಾದರೆ ಎಂಜಿನಿಯರರ ಸಲಹೆ ಪಡೆದ ನಂತರವೇ ಆದೇಶವನ್ನು ಸ್ವೀಕರಿಸುವುದು ಕ್ಷೇಮ.

3. ತೇಗವು ನೀರಿಗೆ ಬಾಳಿಕೆ ಬರುವ ಮರ. ಆದರೆ ಅದರಲ್ಲಿನ ಸಹಜ ಎಣ್ಣೆಯಂಶವು ಅಂಟು ಹಿಡಿಯಲು ಅಡ್ಡಿಯಾಗುವುದರಿಂದ ಕೇವಲ ಅಂಟನ್ನು ನಂಬಬಾರದು. ಬಳೆಯ ಬಿಗಿತವೇ ಆಧಾರವಾಗಿರಲಿ.

4. ಸ್ನಾನದ ನಂತರ ನೀರು ಬಿಟ್ಟು, ಒರೆಸಿ, ಗಾಳಿಯಾಡಿಸಬೇಕು; ಬಿಸಿಲಿಗೆ ಒಡ್ಡಬಾರದು. ಊರಿಗೆ ಹೋಗುವಾಗ ಒಂದು ಪಾತ್ರೆ ನೀರನ್ನು ತೊಟ್ಟಿಯೊಳಗೆ ಇಟ್ಟಿರಬೇಕು. ಈ ಸೂಚನೆಗಳನ್ನು ಗ್ರಾಹಕರ ಭಾಷೆಯಲ್ಲಿ ಮುದ್ರಿಸಿ, ಹಣ ಪಡೆಯುವ ಮುನ್ನವೇ ಓದಿ ಹೇಳತಕ್ಕದ್ದು.

ಈ ಕೊನೆಯ ಅಂಶವನ್ನು ಮರೆಮಾಚಿ ಮಾಡಿದ ಮಾರಾಟವು ಮೊದಲ ಬೇಸಿಗೆಯಲ್ಲೇ ದೂರಾಗಿ ಹಿಂತಿರುಗುತ್ತದೆ. ಬಡಗಿಯ ಕೈಯಲ್ಲಿ ದೋಷವಿಲ್ಲದಿದ್ದರೂ ಹೆಸರು ಕೆಡುವುದು ಅವನದೇ. ಆರೈಕೆ ಮಾಡಲಾರೆನೆಂಬ ಗ್ರಾಹಕರಿಗೆ ಬೇರೆ ತೊಟ್ಟಿಯನ್ನು ಸೂಚಿಸುವುದೇ ಈ ಕಸುಬಿಗೆ ನಾವು ಸಲ್ಲಿಸಬಹುದಾದ ನ್ಯಾಯ.