ಇಂಗ್ಲಿಷ್ ಮಾತಿನ ಪಾಠ: ‘ಯೆಸ್’ ಎಲ್ಲಿ, ‘ನೋ’ ಎಲ್ಲಿ?



ನಮ್ಮ ವಾಚನಾಲಯಕ್ಕೆ ಬರುವವರಲ್ಲಿ ಹಲವರು ನನ್ನಂತೆಯೇ ಮೆಟ್ರಿಕ್‌ವರೆಗೆ ಓದಿದವರು. ಇಂಗ್ಲಿಷಿನಲ್ಲಿ ಬಂದ ಕಾಗದವನ್ನು ಓದಿ ತಿಳಿಯಬಲ್ಲರು. ಹಳೆಯ ಫೈಲು ನೋಡಿ ಉತ್ತರವನ್ನೂ ಬರೆಯಬಲ್ಲರು. ಆದರೆ ಟೆಲಿಫೋನಿನ ಗಂಟೆ ಬಾರಿಸಿದೊಡನೆ ಪಕ್ಕದವನ ಮುಖ ನೋಡುವರು. ಶಬ್ದಗಳ ಕೊರತೆಯೇ ಇದಕ್ಕೆ ಕಾರಣವೆಂದು ನಾವು ಭಾವಿಸುತ್ತೇವೆ. ನನ್ನ ಅನುಭವ ಬೇರೆ. ಶಬ್ದಗಳು ಇಂಗ್ಲಿಷಿನವಾದರೂ ಮಾತು ಕನ್ನಡದ ಜಾಡಿನಲ್ಲೇ ಸಾಗುವುದು, ತೊಡಕು ಅಲ್ಲಿದೆ. ಈ ಎರಡು ಜಾಡುಗಳು ಬೇರೆಯಾಗುವ ಮೂರು ಸ್ಥಳಗಳನ್ನು ಇಲ್ಲಿ ತೋರಿಸುತ್ತೇನೆ.

ಮೊದಲನೆಯದು, ‘ಯೆಸ್’ ಮತ್ತು ‘ನೋ’. ನಾನು ಗಿರಣಿಯ ಕಚೇರಿಗೆ ಸೇರಿದ ವರ್ಷ ಒಬ್ಬ ವ್ಯಾಪಾರಿಗಳು ಟೆಲಿಫೋನಿನಲ್ಲಿ, ‘ಯು ಹ್ಯಾವ್ ನಾಟ್ ಸೆಂಟ್ ದ ಬೇಲ್ಸ್?’ ಎಂದು ಕೇಳಿದರು. ಬಟ್ಟೆಯ ಬೇಲುಗಳು ಇನ್ನೂ ಹೊರಟಿರಲಿಲ್ಲ. ‘ಹೌದು, ಕಳಿಸಿಲ್ಲ’ ಎಂದು ಮನಸ್ಸಿನಲ್ಲಿಟ್ಟುಕೊಂಡು ನಾನು ‘ಯೆಸ್ ಸರ್’ ಎಂದೆ. ಮಾಲು ಹೊರಟಿತೆಂದು ಅವರು ತಿಳಿದರು. ನಾಲ್ವರು ಹಮಾಲರನ್ನು ಕರೆಸಿ ಕುರ್ಲಾದ ಗೋದಾಮಿನಲ್ಲಿ ಸಂಜೆಯವರೆಗೆ ಕಾದರು. ಆ ಹಮಾಲರ ಕೂಲಿಯನ್ನು ನಮ್ಮ ಬಿಲ್ಲಿನಿಂದ ಮುರಿದುಕೊಂಡರು. ಹೆಡ್ ಕ್ಲಾರ್ಕರು ನನ್ನನ್ನು ಟೆಲಿಫೋನಿನ ಮೇಜಿನಿಂದ ಎಬ್ಬಿಸಿ ಹಾಜರಿ ಪುಸ್ತಕದ ಮುಂದೆ ಕೂರಿಸಿದರು. ಮತ್ತೆ ಆ ಮೇಜಿಗೆ ಬರಲು ಎರಡು ವರ್ಷ ಹಿಡಿಯಿತು.

ಕನ್ನಡದಲ್ಲಿ ‘ಹೌದು’ ಎಂದರೆ ‘ನೀವು ಹೇಳಿದ್ದು ಸರಿ’ ಎಂದರ್ಥ. ಇಂಗ್ಲಿಷಿನ ‘ಯೆಸ್’ ಕೇಳಿದವರ ಮಾತನ್ನು ನೋಡುವುದಿಲ್ಲ, ನಡೆದ ಸಂಗತಿಯನ್ನು ನೋಡುತ್ತದೆ. ಪ್ರಶ್ನೆ ಹೇಗೇ ಇರಲಿ, ಕೆಲಸ ಆಗಿದ್ದರೆ ‘ಯೆಸ್’, ಆಗಿಲ್ಲದಿದ್ದರೆ ‘ನೋ’. ಇಷ್ಟಕ್ಕೇ ನಿಲ್ಲಿಸಕೂಡದು. ‘ನೋ ಸರ್, ವಿ ಹ್ಯಾವ್ ನಾಟ್ ಸೆಂಟ್ ದೆಮ್’ ಎಂದು ವಾಕ್ಯವನ್ನು ಪೂರ್ತಿ ಹೇಳಬೇಕು. ಏಕೆಂದರೆ ಕೇಳುವವರೂ ಗುಜರಾತಿಯದೋ ತಮಿಳಿನದೋ ಜಾಡಿನಲ್ಲಿ ಇರಬಹುದು. ಪೂರ್ಣ ವಾಕ್ಯ ಯಾರನ್ನೂ ದಾರಿ ತಪ್ಪಿಸದು.

ಎರಡನೆಯದು, ಮರ್ಯಾದೆ. ಕನ್ನಡದಲ್ಲಿ ಮರ್ಯಾದೆ ಕ್ರಿಯಾಪದದ ಕೊನೆಯಲ್ಲೇ ಇದೆ. ಹುಡುಗನಿಗೆ ‘ಕೊಡು’, ದೊಡ್ಡವರಿಗೆ ‘ಕೊಡಿ’. ಇಂಗ್ಲಿಷಿನ ‘ಗಿವ್’ ಎಲ್ಲರಿಗೂ ಒಂದೇ. ಬ್ಯಾಂಕಿನಲ್ಲಿ ‘ಗಿವ್ ಮಿ ಚೆಕ್ ಬುಕ್’ ಎನ್ನುವಾಗ ನಮ್ಮ ಮನಸ್ಸಿನಲ್ಲಿರುವುದು ‘ಕೊಡಿ’. ಅವರ ಕಿವಿಗೆ ಬೀಳುವುದು ‘ಕೊಡು’. ‘ಕುಡ್ ಐ ಹ್ಯಾವ್ ಎ ಚೆಕ್ ಬುಕ್, ಪ್ಲೀಸ್?’ ಎನ್ನಿರಿ. ಹಾಗೆಯೇ ಹೊರಡುವಾಗ ನಾವು ‘ಬರುತ್ತೇನೆ’ ಎನ್ನುವುದು ಶುಭದ ಮಾತು. ಅದನ್ನೇ ‘ಐ ವಿಲ್ ಕಮ್’ ಎಂದರೆ ಸಾಹೇಬರು ನಮ್ಮ ದಾರಿ ಕಾಯುತ್ತ ಕುಳಿತಾರು! ಅಲ್ಲಿ ‘ಮೇ ಐ ಲೀವ್ ನೌ?’ ಎನ್ನತಕ್ಕದ್ದು.

ಮೂರನೆಯದು, ಅಂಕಿ ಮತ್ತು ಅಕ್ಷರ. ‘ಫಿಫ್ಟೀನ್’ ಎಂದರೆ 15, ‘ಫಿಫ್ಟಿ’ ಎಂದರೆ 50. ಕೊನೆಯ ‘ನ್’ ಕೇಳಿಸದೆ ಹೋದರೆ 35 ಬೇಲುಗಳ ವ್ಯತ್ಯಾಸ. ‘ಫಿಫ್ಟೀನ್, ಒನ್ ಫೈವ್’ ಎಂದು ಬಿಡಿಸಿ ಹೇಳಿ, ಎದುರಿನವರಿಂದಲೂ ಹೇಳಿಸಿರಿ. ಇನ್ನು ನಮ್ಮ ಆಡುಮಾತಿನಲ್ಲಿ ‘ಎಲ್ಲಿ’ ಎಂಬುದು ‘ಯೆಲ್ಲಿ’ ಆಗುವಂತೆ ಇಂಗ್ಲಿಷಿನ ‘ಎಮ್’, ‘ಎನ್’ ಅಕ್ಷರಗಳು ‘ಯಮ್ಮು’, ‘ಯನ್ನು’ ಆಗಿಬಿಡುತ್ತವೆ. ಹೆಸರು ಬರೆಸುವಾಗ ‘ಎಮ್ ಫಾರ್ ಮೈಸೂರು, ಎನ್ ಫಾರ್ ನಾಗಪುರ’ ಎಂದು ಊರಿನ ಹೆಸರು ಸೇರಿಸಿದರೆ ಸಂಶಯ ಉಳಿಯದು.

ಇಂಗ್ಲಿಷ್ ಕಲಿಯುವಾಗ ಮರಾಠಿಯನ್ನು ಮರೆಯಬಾರದು. ಮಹಾರಾಷ್ಟ್ರದ ಸರಕಾರಿ ವ್ಯವಹಾರಕ್ಕೆ 1964ರ ರಾಜಭಾಷಾ ಅಧಿನಿಯಮದಂತೆ ಮರಾಠಿಯೇ ಭಾಷೆ. ಆದರೆ ಬ್ಯಾಂಕು, ವಿಮೆ, ಹಡಗು ಸಾಗಾಣಿಕೆ, ಪರಊರಿನ ವ್ಯಾಪಾರ ಇವುಗಳ ಬಾಗಿಲಲ್ಲಿ ಇಂಗ್ಲಿಷ್ ಬೇಕೇ ಬೇಕು.

ನಮಗಿಂತ ಹಿಂದೆ ಬಂದವರ ಕಷ್ಟ ದೊಡ್ಡದು. ದಕ್ಷಿಣ ಕನ್ನಡದಿಂದ ಬಂದ ಹುಡುಗರು ಹಗಲು ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿದು, ರಾತ್ರಿ ಫೋರ್ಟ್ ಮೊದಲಾದ ಕಡೆಯ ಕನ್ನಡ ರಾತ್ರಿಶಾಲೆಗಳಲ್ಲಿ ಓದಿದರು. 1902ರಲ್ಲಿ ಸ್ಥಾಪನೆಯಾದ ಮೊಗವೀರ ವ್ಯವಸ್ಥಾಪಕ ಮಂಡಳಿಯಂಥ ಸಂಸ್ಥೆಗಳು ಆ ಶಾಲೆಗಳನ್ನು ನಡೆಸಿದವು. ಲೋಟ ತೊಳೆದ ಕೈಗಳೇ ಮುಂದೆ ಬ್ಯಾಂಕಿನ ಲೆಡ್ಜರು ಬರೆದವು. ದಣಿದ ಮೈಯಲ್ಲಿ ಅವರು ಕಲಿತರೆಂದ ಮೇಲೆ ನಾವು ಕಲಿಯಲಾರೆವೇ?

ದಿನಕ್ಕೆ ಹದಿನೈದು ನಿಮಿಷ ಸಾಕು. ಪತ್ರಿಕೆ ಓದಿದ ಬಳಿಕ ಇಬ್ಬರಿಬ್ಬರಾಗಿ, ಓದುವವರಿಗೆ ತೊಂದರೆಯಾಗದಂತೆ ಹೊರಗಿನ ಜಗಲಿಯಲ್ಲಿ ಕುಳಿತು, ಅಂದಿನ ಕೆಲಸದ ಬಗೆಗೆ ಒಬ್ಬರು ಪ್ರಶ್ನಿಸಲಿ, ಇನ್ನೊಬ್ಬರು ಉತ್ತರಿಸಲಿ. ಗಟ್ಟಿಯಾಗಿ ಹೇಳಬೇಕು, ಮನಸ್ಸಿನಲ್ಲೇ ಹೇಳಿಕೊಂಡ ಇಂಗ್ಲಿಷ್ ನಾಲಿಗೆಗೆ ಬಾರದು. ತಪ್ಪಿದರೆ ನಗಬೇಡಿ, ತಿದ್ದಿರಿ.

ಅಭ್ಯಾಸ

1. ನೀವು ಊಟ ಮಾಡಿಲ್ಲ. ‘ಯು ಹ್ಯಾವ್ ನಾಟ್ ಹ್ಯಾಡ್ ಯುವರ್ ಲಂಚ್?’
2. ಬಿಲ್ಲು ಬಂದಿದೆ. ‘ಡಿಡ್ ಯು ನಾಟ್ ಗೆಟ್ ದ ಬಿಲ್?’
3. ನಾಳೆ ನೀವು ಬರುವಿರಿ. ‘ಆರ್ ಯು ನಾಟ್ ಕಮಿಂಗ್ ಟುಮಾರೋ?’

ಉತ್ತರ: 1. ನೋ, ಐ ಹ್ಯಾವ್ ನಾಟ್. 2. ಯೆಸ್, ಐ ಗಾಟ್ ಇಟ್. 3. ಯೆಸ್, ಐ ಆಮ್ ಕಮಿಂಗ್.