ಕೊಳೆ ನೀರು ತೊಳೆದರೆ ಕೊಳೆ ಎಲ್ಲಿಗೆ ಹೋಗುತ್ತೆ?

ಟ್ರಾಕ್ಟರಿಗೆ ಹಾಕುವ ಡೀಸೆಲ್ ಕಚ್ಚಾ ತೈಲದಿಂದ ಬರುತ್ತದೆ. ಅದನ್ನು ಶುದ್ಧಿ ಮಾಡುವ ಕಾರ್ಖಾನೆ ಮಂಗಳೂರಿನ ಎಂ.ಆರ್.ಪಿ.ಎಲ್. 1988ರಲ್ಲಿ ಸ್ಥಾಪನೆಯಾಯಿತು. ಕಚ್ಚಾ ತೈಲದಲ್ಲಿ ಉಪ್ಪಿರುತ್ತದೆ, ನೀರು ಬೆರೆಸಿ ತೊಳೆಯುತ್ತಾರೆ. ಆ ಕೊಳೆ ನೀರನ್ನು ತೊಟ್ಟಿಯಲ್ಲಿ ನಿಲ್ಲಿಸಿದರೆ ಎಣ್ಣೆ ಮೇಲೆ ಬರುತ್ತೆ, ಸಾರಿನ ಮೇಲೆ ಒಗ್ಗರಣೆ ತೇಲೋ ಹಾಗೆ. ಉಳಿದದ್ದನ್ನು ಬ್ಯಾಕ್ಟೀರಿಯಾ ತಿನ್ನುತ್ತವೆ. ಅವಕ್ಕೆ ಗಾಳಿ ಊದಲು ಹಗಲು ರಾತ್ರಿ ಕರೆಂಟು ಬೇಕು. ತಳದಲ್ಲಿ ಎಣ್ಣೆ ಕೆಸರು ಉಳಿಯುತ್ತೆ. ಅದು ಅಪಾಯಕಾರಿ, ಗೊಬ್ಬರಕ್ಕೂ ಆಗಲ್ಲ. ನನಗೆ ಆಶ್ಚರ್ಯವಾದದ್ದು ಉಪ್ಪು. ಅದನ್ನು ಬ್ಯಾಕ್ಟೀರಿಯಾ ಮುಟ್ಟೋದೇ ಇಲ್ಲ!

ನಮ್ಮ ಸಿರಾ, ಮಧುಗಿರಿ, ಕೊರಟಗೆರೆ, ಪಾವಗಡದಲ್ಲಿ ಇಂಥ ಕಾರ್ಖಾನೆ ಇಲ್ಲ. ಆದರೆ ಪಾವಗಡದ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ. ಅದು ಹೆಚ್ಚಾದರೆ ಹಲ್ಲು ಕಂದಾಗುತ್ತೆ, ಮೂಳೆ ಕೆಡುತ್ತೆ. ಶುದ್ಧ ನೀರಿನ ಘಟಕ ತೆಗೆದ ಫ್ಲೋರೈಡೂ ಮಾಯವಾಗಲ್ಲ, ಹೊರಬಿಡುವ ನೀರಿನಲ್ಲಿ ಇನ್ನೂ ಹೆಚ್ಚಾಗಿರುತ್ತೆ. ಆ ಪೈಪನ್ನು ಮಣ್ಣಿನ ಚರಂಡಿಗೆ ಬಿಟ್ಟರೆ ಮತ್ತೆ ನೆಲಕ್ಕೇ ಇಂಗುತ್ತೆ.